ಮುಚ್ಚಿಗೆ ಬಿಚ್ಚುವ ಮೊದಲು ಊರವರನ್ನು ಕೇಳಿ

ಮಾನ್ಯ ಸಂಪಾದಕರೇ,

ನಮ್ಮ ಆಸುಪಾಸಿನ ದೇವಸ್ಥಾನವೊಂದರಲ್ಲಿ ಜೀರ್ಣೋದ್ಧಾರ ನಡೆಯುತ್ತಿದೆ. ನಮಸ್ಕಾರ ಮಂಟಪದ ಹಲಸಿನ ಮರದ ಮುಚ್ಚಿಗೆ ಬಿಚ್ಚಿ ಅಂಗಳದ ಮೂಲೆಯಲ್ಲಿ ರಾಶಿ ಹಾಕಿದ್ದಾರೆ. ಒಂದು ಹಲಗೆ ತಿರುಗಿಸಿ ನೋಡಿದೆ. ಎನಾಮಲ್ ಪೇಂಟಿನ ಅಡಿಯಲ್ಲಿ ತಾವರೆಯ ಕೆತ್ತನೆ, ಎಸಳಿನ ಸಂದಿಯಲ್ಲಿ ಹಳೇ ಕೆಂಪು ಬಣ್ಣ ಹಾಗೇ ಇದೆ. ಗೆದ್ದಲು ಹಿಡಿದದ್ದು ಒಂದು ಅಂಚು ಮಾತ್ರ. ಆದರೂ ಅದರ ಜಾಗಕ್ಕೆ ಕಾಂಕ್ರೀಟ್ ಬರುತ್ತದಂತೆ.

ನನ್ನ ಮಗಳು ಇಂಗ್ಲೆಂಡಿನ ಸಫೋಕ್‌ನಲ್ಲಿ ನರ್ಸ್. ಅಲ್ಲಿಗೆ ಹೋಗಿದ್ದಾಗ ವೆನ್‌ಹ್ಯಾಸ್ಟನ್ ಎಂಬ ಹಳ್ಳಿಯ ಸೇಂಟ್ ಪೀಟರ್ ಇಗರ್ಜಿ ನೋಡಿದ್ದೆ. ಅಲ್ಲಿನ ಹಳೇ ಇಗರ್ಜಿಗಳಲ್ಲಿ ಜನ ಸೇರುವ ಹಜಾರ ಪಡುವಣಕ್ಕೆ, ಬಲಿಪೀಠ ಮೂಡಣಕ್ಕೆ. ಹಿಂದೆ ಹಜಾರದ ರಿಪೇರಿ ಊರವರ ಹೊಣೆ, ಬಲಿಪೀಠದ ಕಡೆಯದ್ದು ಪಾದ್ರಿಯ ಹೊಣೆ ಆಗಿತ್ತು. ಎರಡರ ನಡುವೆ ಕಮಾನು, ಅದರಡಿ ಕೆತ್ತನೆಯ ಮರದ ಜಾಲರಿ. ಆಗ ಜಾಲರಿಯ ಮೇಲೆ ಶಿಲುಬೆ, ಅದರ ಎಡಬಲಕ್ಕೆ ಯೇಸುವಿನ ತಾಯಿ ಮರಿಯಮ್ಮ ಮತ್ತು ಸಂತ ಯೋವಾನ್ನರ ಮೂರ್ತಿಗಳು ಇರುತ್ತಿದ್ದವು. ವೆನ್‌ಹ್ಯಾಸ್ಟನ್‌ನಲ್ಲಿ ಇವುಗಳ ಹಿಂದಿನ ಹಲಗೆಯ ಮೇಲೆ ಕೊನೆಯ ತೀರ್ಪಿನ, ಅಂದರೆ ಲೋಕದ ಕೊನೆಗೆ ದೇವರು ಎಲ್ಲರ ಪಾಪಪುಣ್ಯ ನೋಡಿ ತೀರ್ಪು ಕೊಡುವ, ದೊಡ್ಡ ಚಿತ್ರವಿತ್ತು.

16ನೇ ಶತಮಾನದಲ್ಲಿ ಮೂರ್ತಿ, ಚಿತ್ರ ಬೇಡವೆಂದ ಕ್ರೈಸ್ತ ಮತಸುಧಾರಣೆಯಲ್ಲಿ ಶಿಲುಬೆ, ಮೂರ್ತಿ ಎಲ್ಲ ಕಿತ್ತರು. ಚಿತ್ರಕ್ಕೆ ಸುಣ್ಣ ಬಳಿದರು. ಅಲ್ಲಿಗೆ ಊರು ಅದನ್ನು ಮರೆತೇಬಿಟ್ಟಿತು. 1892ರಲ್ಲಿ ಇಗರ್ಜಿ ರಿಪೇರಿ ಮಾಡುವಾಗ ಹಳೇ ಹಲಗೆ ಅಂತ ಹೊರಗೆ ಎಸೆದರು. ರಾತ್ರಿ ಮಳೆ ಬಂತು. ಸುಣ್ಣ ತೊಳೆದುಹೋಗಿ ಸುಮಾರು 400 ವರ್ಷ ಹಿಂದಿನ ಬಣ್ಣ ಎದ್ದು ಬಂತು!

ಈಗ ಅದು ಅದೇ ಇಗರ್ಜಿಯೊಳಗಿದೆ. ಕಾಮನಬಿಲ್ಲಿನ ಮೇಲೆ ಕೂತ ಕ್ರಿಸ್ತ, ತಕ್ಕಡಿ ಹಿಡಿದು ಆತ್ಮಗಳನ್ನು ತೂಗುವ ದೇವದೂತ ಮೈಕೇಲ್, ಬಾಯಿ ತೆರೆದ ಮೀನಿನಂಥ ನರಕ. ಸ್ವರ್ಗದ ಬೀಗದಕೈ ಇರುವ ಸಂತ ಪೇತ್ರನ ಮುಂದೆ ಬಂದವರ ಮೈಮೇಲೆ ಬಟ್ಟೆಯಿಲ್ಲ, ತಲೆ ಮೇಲೆ ಮಾತ್ರ ಕಿರೀಟ, ಬಿಷಪ್ಪರ ಟೋಪಿ. ರಾಜನಿಗೂ ಅಲ್ಲಿ ಬೇರೆ ಸಾಲಿಲ್ಲ. ಶಿಲುಬೆ, ಮೂರ್ತಿಗಳಿದ್ದ ಕಡೆ ಅವುಗಳ ಆಕಾರದಲ್ಲೇ ಹಲಗೆ ಬರಿದಾಗಿದೆ. ಚಿತ್ರ ಕಲಿಸಿ ಬದುಕಿದ ನನಗೆ ಆ ಖಾಲಿ ಜಾಗ ನೋಡಿ ಜಾಸ್ತಿ ಸಂಕಟವಾಯಿತು.

ಅಲ್ಲೂ ರಿಪೇರಿಯ ಹೆಸರಿನಲ್ಲಿ ಗೋಡೆಯ ಹಳೇ ಗಾರೆ ಕೆರೆದು ಎಷ್ಟೋ ಚಿತ್ರ ಹಾಳು ಮಾಡಿದ್ದಾರೆ. ಇದನ್ನು ತಡೆಯಬೇಕೆಂದೇ ಅಲ್ಲಿನ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ 1877ರಲ್ಲಿ ಹಳೇ ಕಟ್ಟಡಗಳನ್ನು ಉಳಿಸುವ ಸಂಘ ಕಟ್ಟಿದರು. ಹೊಸದು ಮಾಡಬೇಡಿ, ಇದ್ದದ್ದನ್ನು ದುರಸ್ತಿ ಮಾಡಿ ಎನ್ನುವುದೇ ಅವರ ವಾದ. ಈಗ ಚರ್ಚ್ ಆಫ್ ಇಂಗ್ಲೆಂಡಿನ ಇಗರ್ಜಿಗಳಲ್ಲಿ ಹಳೇ ಬೆಂಚು ತೆಗೆಯುವುದಕ್ಕೂ ಸುಮ್ನೆ ಸಮಿತಿ ತೀರ್ಮಾನ ಮಾಡಿದರೆ ಸಾಲದು. ಧರ್ಮಪ್ರಾಂತ್ಯದ ನ್ಯಾಯಾಧಿಕಾರಿಯ ಅನುಮತಿ ಬೇಕು. ಬಾಗಿಲಿಗೆ ನೋಟೀಸ್ ಅಂಟಿಸಿ, ಆಕ್ಷೇಪವಿದ್ದವರು ಹೇಳಲು ಸಮಯ ಕೊಡುತ್ತಾರೆ.

ನಮ್ಮಲ್ಲೇನು ಕಡಿಮೆ ಇದೆಯಾ? ನಮ್ಮ ಕಾಸರಗೋಡಿನ ಅನಂತಪುರದ ಕೆರೆ ದೇವಸ್ಥಾನದ ಮಂಟಪದಲ್ಲಿ ತಲೆಯೆತ್ತಿ ನೋಡಿ, ಮುಚ್ಚಿಗೆ ತುಂಬ ದಶಾವತಾರದ ಕೆತ್ತನೆ. ಬೇಳದಲ್ಲಿ ಗೋಥಿಕ್ ಶೈಲಿಯ ಇಗರ್ಜಿ ಇದೆ. ಹೆಸರಿಲ್ಲದ ಭೂತಸ್ಥಾನಗಳ ದಾರಂದ, ಕಂಬಗಳಲ್ಲೂ ಆಚಾರಿಗಳ ಕೈಕೆಲಸ ಕಾಣುತ್ತದೆ. ಬ್ರಹ್ಮಕಲಶದ ಹೊತ್ತಿಗೆ ಎಲ್ಲ ಹೊಳೆಯಬೇಕು ಅಂತ ಸಮಿತಿಯವರು ಆಸೆಪಡುವುದು ಭಕ್ತಿಯಿಂದಲೇ. ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಬಿಚ್ಚಿದ್ದನ್ನು ಮತ್ತೆ ಕೆತ್ತಲು ಆ ಆಚಾರಿ ಬರುವುದಿಲ್ಲ, ಅಲ್ವಾ?

ತಂತ್ರಿಗಳಲ್ಲಿ, ಮೊಕ್ತೇಸರರಲ್ಲಿ ನನ್ನ ಕೋರಿಕೆ ಇಷ್ಟೇ. ಕೆಲಸ ಶುರು ಮಾಡುವ ತಿಂಗಳ ಮೊದಲು ಏನೇನು ತೆಗೆಯುತ್ತೀರಿ ಅಂತ ದೇವಸ್ಥಾನದ ಬಾಗಿಲಲ್ಲಿ ಬರೆದು ಹಾಕಿ. ಪ್ರತಿ ಹಲಗೆಗೂ ನಂಬರ್ ಹಾಕಿ ಫೋಟೋ ತೆಗೆಯಿರಿ. ಕೊಳೆತ ತುಂಡು ಮಾತ್ರ ಬದಲಿಸಿ. ಬ್ರಹ್ಮಕಲಶಕ್ಕೆ ಪುರವಣಿ ತರುವ ತಮ್ಮ ಪತ್ರಿಕೆ ಆ ಹಳೇ ಫೋಟೋಗಳಿಗೂ ಒಂದು ಪುಟ ಕೊಡಲಿ. ಅಳತೆ ತೆಗೆದು ಚಿತ್ರ ಬರೆಯಲು ನಾನು ಮತ್ತು ನನ್ನ ಹಳೇ ವಿದ್ಯಾರ್ಥಿಗಳು ಯಾವ ಊರಿಗೆ ಕರೆದರೂ ಬರುತ್ತೇವೆ.

ಇತಿ,
ಒಬ್ಬ ನಿವೃತ್ತ ಚಿತ್ರಕಲಾ ಅಧ್ಯಾಪಿಕೆ
ನೀರ್ಚಾಲು, ಕಾಸರಗೋಡು