ಗಡ್ಡೆಯ ಚೂರು ಜೀವಂತವಾಗಿ ಬೆಂಗಳೂರು ತಲುಪಲಿ

ಮಾನ್ಯ ಸಂಪಾದಕರೇ,

ಕ್ಯಾನ್ಸರ್ ರೋಗಿಯ ಗಡ್ಡೆಯಿಂದ ತೆಗೆದ ಜೀವಕೋಶಗಳನ್ನು ಪ್ರಯೋಗಾಲಯದ ಜೆಲ್‌ನಲ್ಲಿ ಬೆಳೆಸಿ, ಯಾವ ಔಷಧಕ್ಕೆ ಅವು ಸಾಯುತ್ತವೆಂದು ಮೊದಲೇ ನೋಡುವ ‘ಆರ್ಗನಾಯ್ಡ್’ ವಿಧಾನ ಭರವಸೆ ಮೂಡಿಸಿದೆ. ಜೀರ್ಣಾಂಗ ಕ್ಯಾನ್ಸರ್ ಕುರಿತು 2018ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನವೊಂದರಲ್ಲಿ, ಆರ್ಗನಾಯ್ಡ್‌ನಲ್ಲಿ ವಿಫಲವಾದ ಔಷಧಗಳು ರೋಗಿಗಳಲ್ಲೂ ವಿಫಲವಾಗಿದ್ದವು. ಫಲ ನೀಡುವುದೆಂಬ ಅಂದಾಜು ಶೇ 88ರಷ್ಟು ನಿಜವಾಗಿತ್ತು. ಹೊಸ ಔಷಧಗಳ ಪರೀಕ್ಷೆಗೆ ಇಂತಹ ವಿಧಾನಗಳನ್ನು ಬಳಸಲು ನಮ್ಮ ದೇಶದ ನಿಯಮಗಳಿಗೂ 2023ರಲ್ಲಿ ತಿದ್ದುಪಡಿಯಾಗಿದೆ.

ಆದರೆ ಇದರ ಪ್ರಯೋಜನ ಮಲೆನಾಡಿಗೆ ತಲುಪುವುದು ಹೇಗೆ? ಇಲ್ಲಿ ಬಯಾಪ್ಸಿಯ ಚೂರು ತೆಗೆದ ಕೂಡಲೇ, ಅಂಗಾಂಶ ಕೊಳೆಯದಂತೆ ಕಾಯುವ ಫಾರ್ಮಲಿನ್ ದ್ರಾವಣದ ಬಾಟಲಿಗೆ ಬೀಳುತ್ತದೆ. ರೋಗ ಗುರುತಿಸಲು ಅದು ಸರಿಯಾದ ಕ್ರಮವೇ ಆದರೂ, ಫಾರ್ಮಲಿನ್ ತಾಗಿದ ಕೋಶ ಮತ್ತೆ ಬೆಳೆಯುವುದಿಲ್ಲ. ಆರ್ಗನಾಯ್ಡ್‌ಗೆಂದು ಇನ್ನೊಂದು ಚೂರನ್ನು ಪೋಷಕ ದ್ರಾವಣದಲ್ಲಿ, ಹೆಪ್ಪುಗಟ್ಟದಂತೆ ತಣ್ಣಗಿಟ್ಟು, ಸಾಧ್ಯವಾದಷ್ಟು ಬೇಗ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಬಾಯಿಯ ಅಂಗಾಂಶವಾದರೆ ಅದರಲ್ಲಿರುವ ಬ್ಯಾಕ್ಟೀರಿಯಾ ಬೆಳೆಸುವ ಕೋಶಗಳನ್ನೆಲ್ಲ ಕೆಡಿಸುವುದರಿಂದ ಆ್ಯಂಟಿಬಯಾಟಿಕ್‌ನಲ್ಲಿ ತೊಳೆಯುವುದೂ ಅಗತ್ಯ. ಹೊಸನಗರದಿಂದಲೋ ತೀರ್ಥಹಳ್ಳಿಯಿಂದಲೋ ಬರುವ ರೋಗಿಗೆ ಈ ಸರಪಳಿ ಶಿವಮೊಗ್ಗದಲ್ಲೇ ಶುರುವಾಗಬೇಕು.

ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿರುವ ವಿಷಯ ಬೆಳೆಗಾರರಾದ ನಮಗೆಲ್ಲ ನೋವಿನದು. ಅದೇನೇ ಇರಲಿ, ಎಲೆಯಡಿಕೆ, ಗುಟ್ಕಾ ಜಗಿಯುವವರ ಕೆನ್ನೆ ಮತ್ತು ವಸಡಿನ ಕ್ಯಾನ್ಸರ್ ಕುರಿತ ಸಂಶೋಧನೆಯಿಂದ ಮಲೆನಾಡು ಹೊರಗುಳಿಯಬಾರದು.

ಜೆಲ್‌ನದೂ ಒಂದು ತೊಡಕಿದೆ. ಹೆಚ್ಚು ಬಳಕೆಯಲ್ಲಿರುವ ಮ್ಯಾಟ್ರಿಜೆಲ್ ಇಲಿಯ ಗಡ್ಡೆಯಿಂದ ತೆಗೆದದ್ದು. ದುಬಾರಿ, ಒಂದು ಬ್ಯಾಚಿನಂತೆ ಇನ್ನೊಂದಿರುವುದಿಲ್ಲ. ಕಡಲಕಳೆಯ ಆಲ್ಜಿನೇಟ್, ಜೆಲಾಟಿನ್ ಮುಂತಾದವುಗಳಿಂದ ಪರ್ಯಾಯ ರೂಪಿಸುವ ಕೆಲಸಕ್ಕೆ ಸರ್ಕಾರ ಹಣ ಕೊಡಬೇಕು.

ರಕ್ತನಾಳ, ರೋಗನಿರೋಧಕ ಕೋಶಗಳಿಲ್ಲದ ಈ ಮಾದರಿಗಳು ದೇಹದ ಪೂರ್ಣ ಪ್ರತಿರೂಪವಲ್ಲ, ಬೆಳೆಯಲು ವಾರಗಳೇ ಬೇಕು. ಆದ್ದರಿಂದ ಇದನ್ನು ಖಚಿತ ಚಿಕಿತ್ಸೆಯೆಂದು ನಂಬಿಸಿ ತೋಟ ಅಡವಿಡುವ ಸ್ಥಿತಿಗೆ ಯಾವ ಕುಟುಂಬವನ್ನೂ ದೂಡಬಾರದು. ಸದ್ಯಕ್ಕೆ ಪರೀಕ್ಷೆ ಸಂಶೋಧನೆಯ ಭಾಗವಾಗಿ, ಉಚಿತವಾಗಿ, ರೋಗಿಯ ಲಿಖಿತ ಒಪ್ಪಿಗೆಯೊಂದಿಗೆ ನಡೆಯಲಿ. ಶಿವಮೊಗ್ಗದ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ತರಬೇತಾದ ಒಬ್ಬ ತಂತ್ರಜ್ಞ, ದ್ರಾವಣವಿಡಲು ಒಂದು ಫ್ರಿಜ್, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯೊಂದಿಗೆ ಮಾದರಿ ಸಾಗಣೆಯ ಲಿಖಿತ ಒಪ್ಪಂದ, ಇಷ್ಟನ್ನು ಆರೋಗ್ಯ ಇಲಾಖೆ ಮೊದಲು ಮಾಡಲಿ.

— ಅಡಿಕೆ ಬೆಳೆಗಾರರೊಬ್ಬರು, ತೀರ್ಥಹಳ್ಳಿ