ರಾತ್ರಿ ಪಾಳಿಯ ಡಾಕ್ಟರ ಹೆಸರೇನು?

ಮಾನ್ಯ ಸಂಪಾದಕರೇ,

ನಾನು ಇಂಡಿ ತಾಲ್ಲೂಕಿನ ಲಿಂಬೆ ಬೆಳೆಗಾರ. ನನ್ನ ಮಗಳು 2018ರಲ್ಲಿ ನೀಟ್ ಬರೆದು ಹೋಮಿಯೋಪಥಿ ವೈದ್ಯ ಪದವಿಯಾದ ಬಿಎಚ್‌ಎಂಎಸ್ ಸೇರಿದಳು. ನಾಲ್ಕೂವರೆ ವರ್ಷ ಓದು, ಮೇಲೊಂದು ವರ್ಷ ಇಂಟರ್ನ್‌ಶಿಪ್. ಲಿಂಬೆಗೆ ದರ ಬಂದ ವರ್ಷ ಕೈಯಿಂದ ಶುಲ್ಕ ಕಟ್ಟಿದೆ, ಬೀಳುಗಾಲದಲ್ಲಿ ಸೊಸೈಟಿ ಸಾಲ ಎತ್ತಿದೆ. ಓದು ಮುಗಿದ ಮೇಲೆ ಅವಳಿಗೆ ಸಿಕ್ಕಿದ್ದು ವಿಜಯಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ. ಸಂಬಳ ತಿಂಗಳಿಗೆ 15 ಸಾವಿರ. ಹೋಮಿಯೋಪಥಿ ಮಾಡುವುದಕ್ಕಲ್ಲ. ಆ ಆಸ್ಪತ್ರೆಯಲ್ಲಿ ಹೋಮಿಯೋಪಥಿಯ ಒಂದು ಗುಳಿಗೆಯೂ ಇರಲಿಲ್ಲ.

ಒಮ್ಮೆ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ ಹಿಡಿದು ಹೋದವನು ಕೊನೆಯ ಬಸ್ ತಪ್ಪಿ ಅಲ್ಲೇ ಬೆಂಚಿನ ಮೇಲೆ ಉಳಿದೆ. ಹನ್ನೊಂದೂವರೆಯ ಹೊತ್ತಿಗೆ ಏದುಸಿರು ಬಿಡುತ್ತಿದ್ದ ಒಬ್ಬ ಅಜ್ಜನನ್ನು ಟಂಟಂನಲ್ಲಿ ಕರೆತಂದರು. ಮಗಳು ಹಿರಿಯ ವೈದ್ಯರಿಗೆ ಫೋನ್ ಹಚ್ಚಿದಳು. ಅವರು ಮನೆಯಲ್ಲಿದ್ದರು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡು, ಇಂಜೆಕ್ಷನ್ ಹೆಸರನ್ನು ಎರಡು ಸಲ ಕೇಳಿ, ಎಡ ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡಳು. ನರ ಹುಡುಕಿ ಸೂಜಿ ಹಾಕಿದವಳೂ ಅವಳೇ. ಅಜ್ಜ ಬೆಳಗಿನ ಹೊತ್ತಿಗೆ ಚಹಾ ಕೇಳಿದ, ದೇವರು ದೊಡ್ಡವನು. ಆದರೆ ಕೇಸ್ ಶೀಟಿನಲ್ಲಿ ಸಹಿಯ ಜಾಗ ಖಾಲಿ ಇತ್ತು. ಯಾಕೆಂದು ಕೇಳಿದ್ದಕ್ಕೆ, ‘ಅಪ್ಪಾ, ನನ್ನ ಹೆಸರು ಎಲ್ಲಿಯೂ ಬರುವ ಹಾಗಿಲ್ಲ. ಬೆಳಿಗ್ಗೆ ಸರ್ ಬಂದು ಸಹಿ ಮಾಡುತ್ತಾರೆ’ ಎಂದಳು. ಅಂಗೈಯ ಶಾಯಿಯನ್ನು ಸಾಬೂನು ಹಚ್ಚಿ ತೊಳೆದುಕೊಳ್ಳುತ್ತಿದ್ದಳು.

ಹೋಮಿಯೋಪಥಿಯಿಂದ ರೋಗ ವಾಸಿಯಾಗುತ್ತದೆಯೋ ಇಲ್ಲವೋ ಎಂಬ ಜಗಳಕ್ಕೆ ನಾನು ಬರುವುದಿಲ್ಲ. ನಾನು ಕೇಳುತ್ತಿರುವುದು ಕಾನೂನಿನ ಮಾತು. 1996ರಲ್ಲಿ ಸುಪ್ರೀಂ ಕೋರ್ಟ್ ಮುಂಬೈಯ ಪ್ರಕರಣವೊಂದರಲ್ಲಿ, ಹೋಮಿಯೋಪಥಿ ಓದಿದವರು ಅಲೋಪಥಿ ಔಷಧ ಕೊಡುವುದೇ ನಿರ್ಲಕ್ಷ್ಯ ಎಂದು ಹೇಳಿ, ತೀರಿಹೋದ ರೋಗಿಯ ಪತ್ನಿಗೆ 3 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ನನ್ನ ಮಗಳ ತಂಡಕ್ಕೆ ಅಲೋಪಥಿಯ ಔಷಧಶಾಸ್ತ್ರವನ್ನು ಪ್ರತ್ಯೇಕ ವಿಷಯವಾಗಿ ಕಲಿಸಿರಲೂ ಇಲ್ಲ. ಆ ರಾತ್ರಿ ಅಜ್ಜನಿಗೆ ಏನಾದರೂ ಆಗಿದ್ದರೆ ಸಿಕ್ಕಿಬೀಳುತ್ತಿದ್ದವಳು 15 ಸಾವಿರದ ಹುಡುಗಿ. ಆಸ್ಪತ್ರೆಯ ಕಾಗದದಲ್ಲಂತೂ ಅವಳು ಇಲ್ಲವೇ ಇಲ್ಲ.

ಭೀಮಾ ನದಿ ದಾಟಿದರೆ ಲೆಕ್ಕ ಬೇರೆ. ಮಹಾರಾಷ್ಟ್ರ 2014ರಲ್ಲಿ ಕಾಯ್ದೆ ತಿದ್ದಿ, ಒಂದು ವರ್ಷದ ಔಷಧಶಾಸ್ತ್ರ ಕೋರ್ಸ್ ಮುಗಿಸಿದ ಹೋಮಿಯೋಪಥಿ ವೈದ್ಯರಿಗೆ ಅಲೋಪಥಿ ಔಷಧ ಬರೆಯಲು ದಾರಿ ಮಾಡಿತು. ಅಲೋಪಥಿ ವೈದ್ಯರ ಸಂಘ ಅದನ್ನು ಕೋರ್ಟಿಗೆ ಒಯ್ದಿತು. ಒಂದು ವರ್ಷದಲ್ಲಿ ಅಷ್ಟೆಲ್ಲ ಕಲಿಯಲು ಆಗುತ್ತದೆಂದು ನನಗಂತೂ ಅನ್ನಿಸುವುದಿಲ್ಲ. ಆದರೂ ಅಲ್ಲಿ ಏನೋ ಒಂದು ನಿರ್ಧಾರವಾದರೂ ಆಗಿದೆ. ನಮ್ಮಲ್ಲಿ ಹಗಲು ಕಾನೂನು, ರಾತ್ರಿ ಕಣ್ಣುಮುಚ್ಚಾಲೆ.

ಹಳೆಯ ಕೇಂದ್ರ ಹೋಮಿಯೋಪಥಿ ಪರಿಷತ್ತಿನ ಜಾಗಕ್ಕೆ 2020ರ ಕಾಯ್ದೆಯಂತೆ ರಾಷ್ಟ್ರೀಯ ಹೋಮಿಯೋಪಥಿ ಆಯೋಗ ಬಂದಿದೆ. ಅದರಡಿ ಶಿಕ್ಷಣಕ್ಕೊಂದು, ಕಾಲೇಜುಗಳ ಮೌಲ್ಯಮಾಪನಕ್ಕೊಂದು, ನೀತಿ ಮತ್ತು ನೋಂದಣಿಗೊಂದು ಮಂಡಳಿ ಇವೆ. ಕಾಲೇಜಿನೊಳಗೆ ಬೋಧಕರ ತಲೆ ಎಣಿಸುತ್ತಾರೆ, ಸಂತೋಷ. ಪದವಿ ಹಿಡಿದು ಹೊರಗೆ ಬಂದವರು ಎಲ್ಲಿ, ಯಾವ ಕೆಲಸ ಮಾಡುತ್ತಿದ್ದಾರೆ ಎಂದು ನೋಡುವವರು ಯಾರು? ಅಧಿಕಾರ ಹತ್ತಿರವೇ ಇದೆ. ಖಾಸಗಿ ಆಸ್ಪತ್ರೆಗಳ ನೋಂದಣಿ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರದ ಕೈಯಲ್ಲಿದೆ. ಆ ಪ್ರಾಧಿಕಾರದವರು ಒಮ್ಮೆ ಹೇಳದೆ ಕೇಳದೆ ರಾತ್ರಿ ಹನ್ನೆರಡಕ್ಕೆ ಬರಲಿ. ತುರ್ತು ವಿಭಾಗದ ಗೋಡೆಯ ಮೇಲೆ ಆ ಹೊತ್ತಿನ ಡಾಕ್ಟರ ಹೆಸರು, ಪದವಿ, ನೋಂದಣಿ ಸಂಖ್ಯೆ ಕನ್ನಡದಲ್ಲಿ ಇರಬೇಕು. ಸೂಜಿ ಹಾಕಿದವರೇ ಸಹಿ ಮಾಡಬೇಕು. ತಪ್ಪಿದರೆ ದಂಡ ಮಾಲೀಕರಿಗೆ ಮೊದಲು, ಹುಡುಗರಿಗೆ ಆಮೇಲೆ.

ಮಗಳು ಆ ಕೆಲಸ ಬಿಟ್ಟಿದ್ದಾಳೆ. ಊರಲ್ಲೇ ಒಂದು ಕೋಣೆ ಹಿಡಿದು ಕ್ಲಿನಿಕ್ ಹಾಕಿದ್ದಾಳೆ. ಒಂದು ಮೇಜು, ಎರಡು ಕುರ್ಚಿ, ಸಕ್ಕರೆ ಗುಳಿಗೆಯ ಶೀಷೆಗಳು. ಕಳೆದ ವಾರ ನೋಂದಣಿಯ ಪರಿಶೀಲನೆಗೆ ಬಂದವರು ಕೋಣೆಯ ಉದ್ದಗಲ ಅಳೆದರು, ಪ್ರಮಾಣಪತ್ರದ ಫೋಟೊ ತೆಗೆದುಕೊಂಡರು. ಆಮೇಲೆ, ಬಳಸಿದ ಸೂಜಿ, ಸಿರಿಂಜ್ ಯಾರಿಗೆ ಕೊಡುತ್ತೀರಿ, ಒಪ್ಪಂದಪತ್ರ ತೋರಿಸಿ ಎಂದರು. ಇಲ್ಲಿ ಸೂಜಿಯೇ ಇಲ್ಲ ಎಂದು ಮಗಳು ಹೇಳಿದಳು. ಇಲ್ಲದಿದ್ದರೂ ಪತ್ರ ಬೇಕಂತೆ.

– ಒಬ್ಬ ಲಿಂಬೆ ಬೆಳೆಗಾರ, ಇಂಡಿ ತಾಲ್ಲೂಕು, ವಿಜಯಪುರ ಜಿಲ್ಲೆ
(ಮಗಳ ಕೋರಿಕೆಯಂತೆ ಹೆಸರು ಹಾಕಿಲ್ಲ)