ಮುರಿದ ಮೂಳೆ ಕೂಡಿಸಿದರೆ ಸಾಲದು: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ನಮಸ್ಕಾರಗಳು. ನಾನು ರಾಜಾಜಿನಗರದ ನಿವಾಸಿ, ನಿವೃತ್ತ ವಿಜ್ಞಾನ ಶಿಕ್ಷಕಿ. ಕಚೇರಿಗಳಿಗೆ ಬರುವ ಪತ್ರಗಳ ಎರಡನೆಯ ಪುಟವನ್ನು ಓದುವವರು ಕಡಿಮೆಯಾದ್ದರಿಂದ ನನ್ನ ಕೋರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಐವತ್ತು ದಾಟಿದವರು ನಿಂತ ನೆಲದಲ್ಲೇ ಜಾರಿಯೋ ಎಡವಿಯೋ ಬಿದ್ದು ಮೂಳೆ ಮುರಿದುಕೊಂಡು ಸರ್ಕಾರಿ ಆಸ್ಪತ್ರೆಗೆ ಬಂದರೆ, ಅಷ್ಟು ಸಣ್ಣ ಪೆಟ್ಟಿಗೆ ಮೂಳೆ ಏಕೆ ಮುರಿಯಿತು ಎಂಬುದನ್ನು ಪರೀಕ್ಷಿಸದೆ ಅವರನ್ನು ಮನೆಗೆ ಕಳುಹಿಸಬಾರದು. ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ರೋಗ, ಇದ್ದರೆ ಅದರ ಔಷಧಿಯೂ ಅಲ್ಲಿಂದಲೇ ಆರಂಭವಾಗಬೇಕು. ಇದನ್ನು ಇಲಾಖೆಯ ನಿಯಮವಾಗಿಸಿ.

ನನ್ನ ಅಕ್ಕ ಬಚ್ಚಲುಮನೆಯಲ್ಲಿ ಜಾರಿ, ಕೈಯೂರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ನಗರದ ಒಂದು ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿದರು, ಕ್ಯಾಲ್ಸಿಯಂ ಮಾತ್ರೆ ಬರೆದುಕೊಟ್ಟರು, ‘ವಯಸ್ಸಾಯಿತಲ್ಲ ಅಮ್ಮ, ಜೋಪಾನವಾಗಿ ಓಡಾಡಿ’ ಎಂದರು. ಪ್ಲಾಸ್ಟರ್ ಅಚ್ಚುಕಟ್ಟಾಗಿತ್ತು, ಕೈ ನೇರವಾಗಿಯೇ ಕೂಡಿಕೊಂಡಿತು. ಕೆಲವು ವರ್ಷಗಳ ಬಳಿಕ ಸೊಂಟದ ಮೂಳೆಯೂ ಮುರಿಯಿತು. ಇದನ್ನು ದುರದೃಷ್ಟ ಎನ್ನಲು ನಾನು ಸಿದ್ಧಳಿಲ್ಲ. ಒಮ್ಮೆ ಹೀಗೆ ಮುರಿದವರಲ್ಲಿ ಮತ್ತೊಮ್ಮೆ ಮುರಿಯುವ ಸಂಭವ ಸುಮಾರು ಎರಡು ಪಟ್ಟು ಎಂಬುದು ವೈದ್ಯಶಾಸ್ತ್ರಕ್ಕೆ ಹೊಸ ಸಂಗತಿಯಲ್ಲ. ಮೊದಲ ಮುರಿತವೇ ಎಚ್ಚರಿಕೆ. ಅದನ್ನು ಕಂಡವರು ಮೂಳೆಯನ್ನು ಕೂಡಿಸಿದರೇ ಹೊರತು ಎಚ್ಚರಿಕೆಯನ್ನು ಓದಲಿಲ್ಲ.

ಇನ್ನೊಂದು ತೊಂದರೆ ನಮ್ಮ ಜನರ ತಿಳಿವಳಿಕೆಯದು. ಮೂಳೆಯ ಔಷಧಿ ಎಂದರೆ ಕ್ಯಾಲ್ಸಿಯಂ ಮಾತ್ರೆ ಮತ್ತು ವಿಟಮಿನ್ ಡಿ ಪುಡಿಯ ಸ್ಯಾಷೆ, ಅಲ್ಲಿಗೆ ಮುಗಿಯಿತು ಎಂದು ಹೆಚ್ಚಿನವರು ತಿಳಿದಿದ್ದಾರೆ. ಇವೆರಡೂ ಬೇಕು, ನಿಜ. ಆದರೆ ಈಗಾಗಲೇ ಟೊಳ್ಳಾದ ಮೂಳೆಗೆ ಇವೇ ಚಿಕಿತ್ಸೆಯಲ್ಲ. ಅರವತ್ತು ಸಾವಿರ ಯೂನಿಟ್‌ನ ಆ ಸ್ಯಾಷೆಯನ್ನು ವಾರಕ್ಕೊಂದರಂತೆ ಕೆಲವು ವಾರ ತೆಗೆದುಕೊಳ್ಳಲು ಹೇಳಿದ್ದರೆ, ವೈದ್ಯರನ್ನು ಮತ್ತೆ ಕೇಳದೆ ವರ್ಷಗಟ್ಟಲೆ ನುಂಗುವವರೂ ನಮ್ಮ ಬೀದಿಯಲ್ಲಿದ್ದಾರೆ. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ ಎಂದು ಅವರಿಗೆ ಯಾರೂ ಹೇಳಿದಂತಿಲ್ಲ.

ಹಾಗಾದರೆ ಚಿಕಿತ್ಸೆ ಯಾವುದು? ಮೂಳೆಯನ್ನು ಕರಗಿಸುವ ಜೀವಕೋಶಗಳೂ ಕಟ್ಟುವ ಜೀವಕೋಶಗಳೂ ನಮ್ಮೊಳಗೆ ಸದಾ ಕೆಲಸದಲ್ಲಿರುತ್ತವೆ. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಇಳಿದು ಕರಗಿಸುವ ಕೆಲಸದ ಕೈ ಮೇಲಾಗುತ್ತದೆ. ಅದಕ್ಕೆ ತಡೆಯೊಡ್ಡುವ ಅಲೆಂಡ್ರೊನೇಟ್ ಎಂಬ ಮಾತ್ರೆ ಮೂರು ದಶಕಗಳಿಂದ ಬಳಕೆಯಲ್ಲಿದೆ. ವಾರಕ್ಕೆ ಒಂದೇ, 70 ಮಿಲಿಗ್ರಾಂ. ಆದರೆ ಇದು ಬಲು ಮಡಿವಂತ ಮಾತ್ರೆ. ಖಾಲಿ ಹೊಟ್ಟೆಯಲ್ಲಿ, ಒಂದು ಲೋಟ ಬರಿಯ ನೀರಿನಲ್ಲಿ ನುಂಗಬೇಕು. ಆಮೇಲೆ ಅರ್ಧ ಗಂಟೆ ಮಲಗುವಂತಿಲ್ಲ, ಏನನ್ನೂ ತಿನ್ನುವಂತಿಲ್ಲ. ಎದ್ದ ಕೂಡಲೇ ಫಿಲ್ಟರ್ ಕಾಫಿ ಕುಡಿಯದಿದ್ದರೆ ಬೆಳಗೇ ಆಗದ ಈ ಊರಿನಲ್ಲಿ ಈ ಮಾತನ್ನು ಬಿಡಿಸಿ ಹೇಳದಿದ್ದರೆ ಕೊಟ್ಟ ಮಾತ್ರೆ ವ್ಯರ್ಥ. ಸರಿಯಾಗಿ ನುಂಗಿದರೂ ಮೈಗೆ ಸೇರುವುದು ಶೇಕಡ ಒಂದಕ್ಕಿಂತ ಕಡಿಮೆ, ಕಾಫಿಯ ಜೊತೆಗೋ ಕ್ಯಾಲ್ಸಿಯಂ ಮಾತ್ರೆಯ ಜೊತೆಗೋ ನುಂಗಿದರೆ ಅದೂ ಇಲ್ಲ. ನುಂಗಿ ಮಲಗಿದರೆ ಅನ್ನನಾಳಕ್ಕೆ ಹುಣ್ಣು.

ಮಾತ್ರೆ ಒಗ್ಗದವರಿಗೆ ವರ್ಷಕ್ಕೊಮ್ಮೆ ರಕ್ತನಾಳದ ಮೂಲಕ ಕೊಡುವ ಜೊಲೆಡ್ರೋನಿಕ್ ಆಮ್ಲವಿದೆ. ಮೂತ್ರಪಿಂಡ ಚೆನ್ನಾಗಿದೆಯೇ, ವಿಟಮಿನ್ ಡಿ ಸಾಕಷ್ಟಿದೆಯೇ ಎಂದು ಮೊದಲು ನೋಡಬೇಕು. ಮೊದಲ ಸಲ ಒಂದೆರಡು ದಿನ ಜ್ವರ, ಮೈಕೈ ನೋವು ಬರಬಹುದೆಂದು ಹೇಳಿರಬೇಕು, ಇಲ್ಲವಾದರೆ ಹೆದರಿದವರು ಮರುವರ್ಷ ಬರುವುದಿಲ್ಲ. ಆರು ತಿಂಗಳಿಗೊಮ್ಮೆ ಚರ್ಮದಡಿ ಕೊಡುವ ಡೆನೊಸುಮ್ಯಾಬ್ ಇದೆ. ಇದರ ಅಪಾಯ ಬೇರೆ: ಬದಲಿ ಔಷಧಿ ಇಲ್ಲದೆ ಥಟ್ಟನೆ ನಿಲ್ಲಿಸಿದರೆ ಉಳಿಸಿದ ಮೂಳೆಯೆಲ್ಲ ವೇಗವಾಗಿ ಕರಗಿ, ಬೆನ್ನುಮೂಳೆಯ ಮಣಿಗಳು ಒಂದಾದ ಮೇಲೊಂದು ಕುಸಿಯಬಹುದು. ಮಗಳ ಬಾಣಂತನಕ್ಕೆಂದು ಊರು ಬಿಟ್ಟು ಹೋಗಿ ಒಂದು ಚುಚ್ಚುಮದ್ದು ತಪ್ಪಿಸಿಕೊಳ್ಳುವ ತಾಯಂದಿರಿಗೆ ಇದನ್ನು ತಿಳಿಸುವವರು ಬೇಡವೇ? ತೀರಾ ಹದಗೆಟ್ಟ ಮೂಳೆಗೆ ದಿನವೂ ಚುಚ್ಚಿಕೊಳ್ಳುವ ಟೆರಿಪ್ಯಾರಟೈಡ್ ಇದೆ. ಅದು ಹೊಸ ಮೂಳೆಯನ್ನೇ ಕಟ್ಟಿಸುತ್ತದೆ. ಸಾಮಾನ್ಯವಾಗಿ ಎರಡು ವರ್ಷದ ಮಿತಿ, ಬಳಿಕ ಕಟ್ಟಿದ್ದನ್ನು ಕಾಯಲು ಮೊದಲು ಹೇಳಿದ ಔಷಧಿಗಳಲ್ಲೊಂದು. ಅದರ ಬೆಲೆ ಮಾತ್ರ ಪಿಂಚಣಿಯಲ್ಲಿ ಬದುಕುವವರಿಗೆ ಎಟುಕುವಂಥದ್ದಲ್ಲ.

ದವಡೆ ಮೂಳೆ ಕೊಳೆಯುತ್ತದಂತೆ ಎಂದು ವಾಟ್ಸಾಪ್‌ನಲ್ಲಿ ಓದಿ ಔಷಧಿಯನ್ನೇ ಬಿಟ್ಟವರನ್ನು ನಾನು ಬಲ್ಲೆ. ಹಾಗಾಗುವುದುಂಟು, ಆದರೆ ಆಸ್ಟಿಯೊಪೊರೋಸಿಸ್‌ಗೆ ಕೊಡುವ ಪ್ರಮಾಣದಲ್ಲಿ ಅದು ಬಲು ಅಪರೂಪ. ಹಲ್ಲು ಕೀಳಿಸುವುದಿದ್ದರೆ ಮೊದಲೇ ಮುಗಿಸಿಕೊಂಡರೆ ಆ ಭಯವೂ ಕಡಿಮೆ. ಐದು ವರ್ಷ ಮಾತ್ರೆ ನುಂಗಿದ ಮೇಲೆ ಮುಂದುವರಿಸಬೇಕೇ, ಬಿಡುವು ಕೊಡಬಹುದೇ ಎಂದು ವೈದ್ಯರು ನಿರ್ಧರಿಸಲೂ ದಾರಿಯಿದೆ. ಸೊಂಟ ಮುರಿದು ಹಾಸಿಗೆ ಹಿಡಿಯುವ ಅಪಾಯದ ಮುಂದೆ ಔಷಧಿಯ ಈ ಅಪರೂಪದ ಅಪಾಯವನ್ನಿಟ್ಟು ತೂಗಿ ಹೇಳಬೇಕಾದವರು ವೈದ್ಯರು. ಹೊರರೋಗಿ ವಿಭಾಗದ ಸರತಿಯ ಸಾಲು ನೋಡಿದರೆ ಅವರಿಗೆ ಬಿಡುವಿಲ್ಲವೆಂಬುದೂ ಕಾಣುತ್ತದೆ.

ಆದ್ದರಿಂದ ನಾನು ಕೇಳುತ್ತಿರುವುದು ದೊಡ್ಡ ಕಟ್ಟಡವನ್ನಲ್ಲ, ಒಬ್ಬ ನರ್ಸ್ ಮತ್ತು ಒಂದು ರಿಜಿಸ್ಟರ್. ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿ 1990ರ ದಶಕದ ಕೊನೆಯಲ್ಲೇ ಈ ಪದ್ಧತಿ ಶುರುವಾಯಿತು. ಮೂಳೆ ಮುರಿದು ಬಂದ ಹಿರಿಯರ ಹೆಸರು ಬರೆದುಕೊಂಡು, ಸ್ಕ್ಯಾನ್ ಮಾಡಿಸಿ, ಔಷಧಿ ಆರಂಭವಾಯಿತೇ, ನಡುವೆ ಬಿಟ್ಟರೇ ಎಂದು ಬೆನ್ನು ಹತ್ತಿ ವಿಚಾರಿಸುವುದೇ ಅಲ್ಲಿನ ನರ್ಸ್‌ಗಳ ಕೆಲಸ. ಅಂತರರಾಷ್ಟ್ರೀಯ ಆಸ್ಟಿಯೊಪೊರೋಸಿಸ್ ಪ್ರತಿಷ್ಠಾನ 2012ರಿಂದ ಇದನ್ನು ಎಲ್ಲ ದೇಶಗಳಿಗೂ ಹೇಳುತ್ತಿದೆ. ಮಲ್ಲೇಶ್ವರದ ಕೆ.ಸಿ. ಜನರಲ್ ಮತ್ತು ಜಯನಗರದ ಜನರಲ್ ಆಸ್ಪತ್ರೆಗಳಲ್ಲಿ ಮೊದಲು ಮಾಡಿ ನೋಡಿ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬಡವರಿಗೆ ಉಚಿತವಾಗಿ ಸಿಗಲಿ. ವಾರದ ಮಾತ್ರೆ ನಮ್ಮ ಕ್ಲಿನಿಕ್‌ಗಳಲ್ಲಿ ಬಿ.ಪಿ. ಮಾತ್ರೆಯ ಪಕ್ಕದಲ್ಲೇ ಇರಲಿ.

ಸ್ಕ್ಯಾನ್ ಎಂದಾಗ ನೆನಪಾಯಿತು. ಅಪಾರ್ಟ್‌ಮೆಂಟ್‌ಗಳಲ್ಲಿ, ಉದ್ಯಾನಗಳ ಬಾಗಿಲಲ್ಲಿ ಉಚಿತ ಮೂಳೆ ತಪಾಸಣೆಯ ಶಿಬಿರಗಳು ನಡೆಯುತ್ತವೆ. ಹಿಮ್ಮಡಿಯನ್ನು ಒಂದು ಪುಟ್ಟ ಯಂತ್ರಕ್ಕೆ ಇಡಿಸಿ, ಕೆಂಪು ಬಣ್ಣದಲ್ಲಿ ಅಂಕಿಯೊಂದನ್ನು ಬರೆದುಕೊಟ್ಟು, ಪಕ್ಕದ ಮೇಜಿನಲ್ಲಿ ಪುಡಿಯ ಡಬ್ಬಿ ಮಾರುತ್ತಾರೆ. ಆರೋಗ್ಯವಂತ ಯುವಜನರ ಸರಾಸರಿಗೆ ಹೋಲಿಸಿದ ಮೂಳೆ ಸಾಂದ್ರತೆಯ ಅಂಕ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ಡೆಕ್ಸಾಗೆ ಸಲ್ಲುತ್ತದೆ, ಹಿಮ್ಮಡಿಯ ಅಲ್ಟ್ರಾಸೌಂಡ್‌ಗೆ ಅಲ್ಲ. ಈ ಡಬ್ಬಿ ವ್ಯಾಪಾರದ ಮೇಲೆ ಇಲಾಖೆಯ ಒಂದು ಕಣ್ಣಿರಲಿ.

ನಿಮ್ಮ ಸರ್ಕಾರವನ್ನು ಹೊಗಳುವ ವಿಷಯವೂ ಇದೆ. ಮೂಳೆಯ ಬಲ ಕೂಡುವುದು ಹೆಚ್ಚುಕಡಿಮೆ ಮೂವತ್ತರವರೆಗೆ. 2013ರ ಕ್ಷೀರಭಾಗ್ಯದ ಹಾಲೂ, 2024ರಲ್ಲಿ ಅದಕ್ಕೆ ಸೇರಿದ ರಾಗಿ ಮಾಲ್ಟೂ ಶಾಲೆಯ ಹೆಣ್ಣುಮಕ್ಕಳಿಗೆ ಐವತ್ತು ವರ್ಷದ ನಂತರ ಒದಗುವ ಉಳಿತಾಯ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮಿಕ್ಕು ಕ್ಯಾಲ್ಸಿಯಂ ಇದೆ. ಬೆಂಗಳೂರಿನ ಅಡುಗೆಮನೆಯಲ್ಲಿ ಮುದ್ದೆ ಇನ್ನೂ ಉಳಿದಿರುವುದು ನಮ್ಮ ಪುಣ್ಯ. ಬಿಸಿಲಿನ ವಿಷಯದಲ್ಲಿ ಮಾತ್ರ ನಾವು ದಡ್ಡರು. ಬೆಳಗಿನ ಆರಕ್ಕೆ ಸ್ವೆಟರ್, ಮಂಕಿ ಕ್ಯಾಪ್ ತೊಟ್ಟು ಲಾಲ್‌ಬಾಗ್ ಸುತ್ತಿದರೆ ಕಾಲಿಗೆ ಒಳ್ಳೆಯದು, ವಿಟಮಿನ್ ಡಿ ಸಿಗುವುದಿಲ್ಲ. ಅದಕ್ಕೆ ಹೊತ್ತೇರಿದ ಬಿಸಿಲು ಬರಿಯ ಚರ್ಮಕ್ಕೆ ತಾಗಬೇಕು. ಬಾಲ್ಕನಿಯ ಗಾಜಿನ ಹಿಂದೆ ಕುಳಿತರೂ ಫಲವಿಲ್ಲ.

ಪಾದಚಾರಿ ಮಾರ್ಗ ನಿಮ್ಮ ಖಾತೆಯಲ್ಲ ಎಂದು ಬಲ್ಲೆ. ಆದರೂ ನಗರಕ್ಕೆ ಐದು ಪಾಲಿಕೆಗಳಾದ ಮೇಲೂ ಅಲುಗಾಡುತ್ತಿರುವ ಚಪ್ಪಡಿಗಳ ಮೇಲೆ ಬಿದ್ದವರು ಬರುವುದು ನಿಮ್ಮ ಇಲಾಖೆಯ ಬಾಗಿಲಿಗೇ. ಸಂಪುಟದ ಸಭೆಯಲ್ಲಿ ನಿಮ್ಮ ಸಹೋದ್ಯೋಗಿಗಳ ಕಿವಿಗೆ ಒಂದು ಮಾತು ಹಾಕಿ.

ಪ್ರತಿ ವರ್ಷ ಅಕ್ಟೋಬರ್ 20 ವಿಶ್ವ ಆಸ್ಟಿಯೊಪೊರೋಸಿಸ್ ದಿನ. ಅಂದು ಜಾಥಾ, ಬಲೂನು, ಭಾಷಣ ಬೇಡ. ಮೇಲಿನ ಎರಡು ಆಸ್ಪತ್ರೆಗಳಲ್ಲಿ ಆ ವರ್ಷ ಸೊಂಟ, ಮಣಿಕಟ್ಟು, ಬೆನ್ನುಮೂಳೆ ಮುರಿದು ಬಂದ ಹಿರಿಯರೆಷ್ಟು, ಅವರಲ್ಲಿ ಮೂಳೆಯ ಔಷಧಿ ಪಡೆದು ಮನೆಗೆ ಹೋದವರೆಷ್ಟು ಎಂಬ ಎರಡು ಅಂಕಿಗಳನ್ನು ಪ್ರಕಟಿಸಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕಿ
ರಾಜಾಜಿನಗರ, ಬೆಂಗಳೂರು